ತನಗಿಂತ ಮೊದಲು ಹೋದ ಮುಖ

ಅರ್ಸಿನೋಯೆ, ಚಕ್ರವರ್ತಿ ಅಂತೊನಿನಸನ ಹದಿನಾರನೆಯ ವರ್ಷ, ಮೆಸೊರೆ ತಿಂಗಳ ೧೨

ತಂಗಿ ಸೋಯೇರಿಸಳಿಗೆ ಅಣ್ಣ ಕ್ರೋನಿಯೋನನ ಹಾರೈಕೆ.

ನಿನ್ನ ಮುಖಕ್ಕೆ ಒಟ್ಟು ಎಷ್ಟು ಬಿತ್ತೆಂದು ಮೊದಲು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಕಡಲಾಚೆಯಿಂದ ಬಂದ ತೆಳುಹಲಗೆಗೆ ಹತ್ತು ದ್ರಾಕ್ಮೆ. ಜೇನುಮೇಣ, ಬಣ್ಣ ಸೇರಿ ಎಂಟು. ಚಿತ್ರಗಾರ ಸಬಿನೋಸನ ಕೂಲಿ ಇಪ್ಪತ್ತನಾಲ್ಕು. ಬರೆಯುವಾಗ ಅವನು ಕುಡಿದ ಬಿಯರಿಗೆ ಮೂರು. ಒಟ್ಟು ನಲವತ್ತೈದು. ಕೂತಲ್ಲೇ ನೀನು ಆಕಳಿಸಿದ್ದಕ್ಕೆಂದು ಎರಡು ದ್ರಾಕ್ಮೆ ಹೆಚ್ಚಿಗೆ ಕೇಳಿದ. ಅದನ್ನು ಮಾತ್ರ ಕೊಡಲಿಲ್ಲ. ಇದು ನನ್ನ ಮದುವೆಯ ಉಡುಗೊರೆ ಎಂದುಕೋ. ಬೇರೆಯವರ ತಂಗಿಯಾಗಿದ್ದರೆ ಎಂಬತ್ತು ಹೇಳುತ್ತಿದ್ದೆ.

ಮೇಣ ಆರುವ ಮುಂಚೆಯೇ ನಿನ್ನ ಗಂಡ ಲುಕಾರಿಯೋನ್ ನಿನ್ನನ್ನು ದೋಣಿ ಹತ್ತಿಸಿಕೊಂಡು ಹೋದ. ಈಗ ಚಿತ್ರವನ್ನು ಅಂಗಡಿಯಲ್ಲಿ ರಾಳದ ಜಾಡಿಗಳ ಮೇಲೆ ತೂಗುಹಾಕಿದ್ದೇನೆ. ಹೆಣಕ್ಕೆ ಉಪ್ಪು, ಸುತ್ತುಬಟ್ಟೆ ಕೊಳ್ಳಲು ಬಂದವರೆಲ್ಲ ತಲೆಯೆತ್ತಿ, "ಯಾರಪ್ಪಾ ಈಕೆ, ನಾವು ಮೋಸದ ತೂಕ ತಗೋತಿದ್ದೀವೇನೋ ಅನ್ನೋ ಹಾಗೆ ನೋಡ್ತಾಳಲ್ಲ" ಎನ್ನುತ್ತಾರೆ. ನಿನ್ನ ನೋಟ ಹಾಗೇ ಇಳಿದಿದೆ. ಬಿಸಿಲು ಇಳಿಯಲಿ, ಕಳಿಸುತ್ತೇನೆ. ಈಗ ದೋಣಿಯ ಹೊಟ್ಟೆಗೆ ಹಾಕಿದರೆ ನಿನ್ನ ಗಲ್ಲ ಕರಗಿ ಕತ್ತಿಗೆ ಇಳಿದೀತು.

*

ಅಂತಿನೋಪೊಲಿಸ್, ಹದಿನೇಳನೆಯ ವರ್ಷ, ಹಥೂರ್ ೫

ಅಣ್ಣನಿಗೆ ಸೋಯೇರಿಸ್ ಮಾಡುವ ನಮಸ್ಕಾರ. ನಿನಗಾಗಿ ಇಲ್ಲಿಯ ದೇವರ ಮುಂದೆ ದಿನವೂ ದೀಪ ಇಡುತ್ತೇನೆ.

ಲಿಪಿಕಾರನ ಕೈಲಿ ಬರೆಸಿಲ್ಲ, ನನ್ನದೇ ಅಕ್ಷರ. ನಗಬೇಡ. ನಾನು ಬಸುರಿ.

ಬಿಸಿಲು ಇಳಿದು ಎಷ್ಟು ದಿನವಾಯಿತು? ಅತ್ತೆ ಗೋಡೆಗೆ ಮೊಳೆ ಹೊಡೆಸಿದ್ದಾರೆ. ಊಟಕ್ಕೆ ಕೂತಾಗಲೆಲ್ಲ ಆ ಮೊಳೆ ತೋರಿಸುತ್ತಾರೆ: "ಎಲ್ಲಮ್ಮಾ ನಿನ್ನ ಮುಖ? ನಿಮ್ಮಣ್ಣ ಊರಿಗೆಲ್ಲ ಮುಖ ಮಾರೋನಂತೆ, ಸ್ವಂತ ತಂಗಿಗೆ ಒಂದು ಕಳಿಸೋಕೆ ಕೈ ಬರಲಿಲ್ವಾ?" ಇಲ್ಲಿ ಬರೆಸೋಣವೆಂದರೆ ಯಾವ ಚಿತ್ರಗಾರನೂ ಬಸುರಿಯನ್ನು ಕೂರಿಸುವುದಿಲ್ಲ. ಒಂದು ಹಲಗೆಗೆ ಎರಡು ಜೀವ ಬೀಳುತ್ತವಂತೆ.

ಅಣ್ಣ, ತಮಾಷೆ ಬಿಟ್ಟು ಹೇಳುತ್ತೇನೆ. ಅಮ್ಮ ನನ್ನನ್ನು ಹೆತ್ತು ಹೋದಳು. ಆಗ ಮುಖ ಬರೆಸಲು ನಮ್ಮಲ್ಲಿ ಕಾಸಿರಲಿಲ್ಲ, ಹೆಣದ ಮುಖದ ಮೇಲೆ ಬರಿ ಹಲಗೆ ಇಟ್ಟು ಸುತ್ತಿದರು ಎಂದು ನೀನೇ ಹೇಳಿದ್ದೆ. ಕಣ್ಣಿಲ್ಲ, ಬಾಯಿಲ್ಲ, ಮರದ ಗೆರೆ ಮಾತ್ರ. ಕೆಳಗೆ, ಸತ್ತವರ ಲೋಕದ ಬಾಗಿಲಲ್ಲಿ ಹೆಸರು ಕೂಗಿ ಮುಖ ನೋಡಿ ಒಳಗೆ ಬಿಡುತ್ತಾರೆ. ಬರಿ ಹಲಗೆಯನ್ನು ಯಾರೆಂದು ಒಳಗೆ ಬಿಡುತ್ತಾರೆ? ಅವಳು ಈಗಲೂ ಹೊರಗೇ ನಿಂತಿದ್ದಾಳೆ ಎಂದು ಚಿಕ್ಕಂದಿನಿಂದ ನನಗೆ ಅನ್ನಿಸುತ್ತದೆ. ನನ್ನ ಸೊಂಟವೂ ಅವಳದ್ದೇ, ಸಣ್ಣದು. ಸೂಲಗಿತ್ತಿ ಮುಟ್ಟಿ ನೋಡಿ ಏನೂ ಹೇಳದೆ ಎದ್ದು ಹೋದಳು. ಹೆರಿಗೆಗೆ ಮುಂಚೆ ನನ್ನ ಮುಖ ಈ ಮನೆಯಲ್ಲಿರಬೇಕು. ಆಮೇಲೆ ಏನಾದರೂ ಆಗಲಿ.

*

ಅರ್ಸಿನೋಯೆ, ಹದಿನೇಳನೆಯ ವರ್ಷ, ಹಥೂರ್ ೨೮

ತಂಗಿಗೆ ಕ್ರೋನಿಯೋನನ ಹಾರೈಕೆ.

ಬಸುರಿಯೆಂದು ಓದಿ ಅಂಗಡಿಯಲ್ಲಿದ್ದವರಿಗೆಲ್ಲ ಖರ್ಜೂರ ಹಂಚಿದೆ. ಸೂಲಗಿತ್ತಿಯರು ಏನೂ ಹೇಳದೆ ಎದ್ದು ಹೋಗುವುದು ಕೂಲಿ ಏರಿಸುವುದಕ್ಕೆ. ನನಗೆ ವ್ಯಾಪಾರ ಗೊತ್ತಿಲ್ಲವೇ? ಕತ್ತೆ ಹಾಲು ಕುಡಿ, ಉಪ್ಪು ಮೀನು ಬಿಡು.

ಚಿತ್ರದ ವಿಷಯ. ಈಗ ಇಬ್ಬನಿ, ಮೇಣಕ್ಕೆ ಆಗದು. ನಂಬಿಕೆಯ ದೋಣಿಗಾರನೂ ಸಿಕ್ಕಿಲ್ಲ. ಇಲ್ಲಿ ನೆರೆ ಇಳಿದ ಮೇಲೆ ಜ್ವರ ಬಂತು, ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಎಣ್ಣೆ ಗಾಣದ ವಿಧವೆ ದಿದುಮೆಯ ಒಬ್ಬಳೇ ಮಗಳು ಇಸಾರೂಸ್ ತೀರಿಹೋದಳು. ನಿನ್ನದೇ ವಯಸ್ಸು. ಮುಖ ಬರೆಸಿರಲಿಲ್ಲ. ಸಬಿನೋಸ ನೋಡಿದರೆ ಮೆಂಫಿಸಿನಲ್ಲಿ ಯಾವನೋ ಅಧಿಕಾರಿಯ ಮಕ್ಕಳನ್ನು ಬರೆಯುತ್ತ ಕೂತಿದ್ದಾನೆ. ಉಪ್ಪಿನಲ್ಲಿಟ್ಟ ಹೆಣ ಚಿತ್ರಗಾರನಿಗೆ ಕಾಯುವುದಿಲ್ಲ. ದಿದುಮೆ ನನ್ನ ಕಾಲು ಹಿಡಿದಳು. ಹೇಗೋ ವ್ಯವಸ್ಥೆ ಮಾಡಿದೆ. ಒಳ್ಳೆಯ ಗಿರಾಕಿ, ಹೇಳಿದ್ದಷ್ಟು ಕೊಟ್ಟಳು.

ನಿನ್ನದರ ಬಗ್ಗೆ ಚಿಂತೆ ಬೇಡ. ಅದು ಒಣಗಿದ ಜಾಗದಲ್ಲಿ ಭದ್ರವಾಗಿದೆ.

*

ಅಂತಿನೋಪೊಲಿಸ್, ಹದಿನೇಳನೆಯ ವರ್ಷ, ತೂಬಿ ೧೦

ಅಣ್ಣನಿಗೆ ಸೋಯೇರಿಸ್.

ನಾನು ಸತ್ತಿದ್ದೀನಂತೆ. ಹೌದೋ ಅಲ್ಲವೋ ನೀನೇ ಹೇಳು.

ನಾಲ್ಕು ದಿನದ ಹಿಂದೆ ದೋಣಿಗಾರ ಪನೂಫಿಸ್ ಹರಳೆಣ್ಣೆಯ ಜಾಡಿ ಹೊತ್ತು ಬಂದ. ಬಾಗಿಲು ತೆರೆದವಳು ನಾನು. ಜಾಡಿ ಕೈಬಿಟ್ಟು ಗೋಡೆಗೆ ಒರಗಿಕೊಂಡ. "ಏನಯ್ಯಾ, ದೆವ್ವ ಕಂಡೆಯಾ?" ಎಂದೆ. "ಕಂಡೆ ಕಣವ್ವಾ" ಎಂದ. "ಅರ್ಸಿನೋಯೆಯಲ್ಲಿ ದಿದುಮೆಯ ಮನೇಲಿ, ಹೆಣ ಇಡೋ ಗೂಡಿನೊಳಗೆ ನಿಂತಿದ್ದೀಯ. ಕುತ್ತಿಗೆವರೆಗೂ ಸುತ್ತಿದ್ದಾರೆ. ಕಿವಿಗೆ ಬೇರೆ ಓಲೆ. ಆಯಮ್ಮ ನಿನ್ನ ಮುಂದೆ ತಟ್ಟೆ ಇಟ್ಟು ಉಣ್ಣು ಮಗಳೇ ಅಂತಾಳೆ."

ಅತ್ತೆ ಕೇಳಿಸಿಕೊಂಡರು. ಆವತ್ತಿನಿಂದ ನಾನು ಹಿಂದಿನಿಂದ ಬಂದರೆ ಬೆಚ್ಚುತ್ತಾರೆ.

ಇನ್ನೊಂದು. ಇದನ್ನು ನಿನಗೆ ಬರೆಯಬಾರದೆಂದಿದ್ದೆ. ಒಂದು ತಿಂಗಳಿಂದ ಕನಸಿನಲ್ಲಿ ಒಬ್ಬಳು ಬಂದು ನನ್ನ ಮಂಚದ ಕಾಲ ಬಳಿ ನಿಲ್ಲುತ್ತಾಳೆ. ಅಗಲ ಹಣೆ, ಚೂಪು ಗದ್ದ, ಎಡ ಹುಬ್ಬು ಮಧ್ಯದಲ್ಲಿ ತುಂಡಾಗಿದೆ. ಯಾರೋ ಗೊತ್ತಿಲ್ಲ. ಮಾತಾಡುವುದಿಲ್ಲ. ತನ್ನ ಕೆನ್ನೆ ಮುಟ್ಟಿಕೊಳ್ಳುತ್ತಾಳೆ, ಆಮೇಲೆ ನನ್ನ ಕಡೆ ಬೆರಳು ತೋರಿಸುತ್ತಾಳೆ.

ಏನು ವ್ಯವಸ್ಥೆ ಮಾಡಿದೆ, ಅಣ್ಣ?

*

ಅರ್ಸಿನೋಯೆ, ಹದಿನೇಳನೆಯ ವರ್ಷ, ತೂಬಿ ೨೫

ತಂಗಿ,

ಪನೂಫಿಸನ ಬಾಯಿಗೆ ಬಿರಡೆ ಹಾಕಲು ಯಾವ ಕಾಲದಲ್ಲೂ ಆಗಿಲ್ಲ. ಸರಿ, ಕೇಳು.

ಅಂಗಡಿಯಲ್ಲಿದ್ದದ್ದು ಹೆಂಗಸಿನ ಮುಖ ಒಂದೇ. ದಿದುಮೆ ಇನ್ನೂರು ಹಿಡಿದು ನಿಂತಿದ್ದಳು. ನಿನಗೆ ಹೊಸದು ಬರೆಸಿದರಾಯಿತು, ನೀನು ಬದುಕಿರುವವಳು, ಯಾವಾಗ ಬೇಕಾದರೂ ಕೂರಬಲ್ಲೆ ಎಂದುಕೊಂಡೆ. ನೀನು ಬಸುರಿಯೆಂಬ ಕಾಗದ ಬಂದಾಗ ಹೆಣದ ಸುತ್ತುಬಟ್ಟೆಯೊಳಗೆ ಕೂರಲೆಂದು ಆಗಲೇ ಹಲಗೆಯ ಮೂಲೆ ಕತ್ತರಿಸಿಯಾಗಿತ್ತು. ನಾನೇ ಗರಗಸ ಹಿಡಿದೆ. ಕಬ್ಬಿಣ ಕಾಯಿಸಿ ಓಲೆಯನ್ನೂ ನಾನೇ ತಿದ್ದಿದೆ. ಇಸಾರೂಸಳ ಬಳೆಯಾಕಾರದ ಓಲೆ. ತಾಯಂದಿರು ಮೊದಲು ಓಲೆಯನ್ನೇ ನೋಡುವುದು.

ಮೂಲೆ ಕತ್ತರಿಸಿದ್ದು ಬದುಕಿರುವವರ ಗೋಡೆಗೆ ಬರುವಂತಿಲ್ಲ ಎಂಬುದು ನಿನಗೂ ಗೊತ್ತು. ಆದರೂ ನಿನ್ನ ಕಾಗದ ಓದಿ ದಿದುಮೆಯ ಮನೆಗೆ ಹೋದೆ. ಆಕೆ ಗೂಡಿನ ಬಾಗಿಲು ತೆರೆದಿಟ್ಟುಕೊಂಡು ಬೇಳೆಗಂಜಿ ಉಣ್ಣುತ್ತಿದ್ದಳು. ಗೂಡಿನೊಳಗೆ ನೀನು.

"ಯಾಕೆ ಬಂದೆ ಕ್ರೋನಿಯೋನಾ? ಲೆಕ್ಕ ಚುಕ್ತಾ ಆಗಿದೆಯಲ್ಲ."

"ಲೆಕ್ಕಕ್ಕಲ್ಲ ತಾಯಿ. ಸಬಿನೋಸ ವಾಪಸ್ ಬಂದಿದ್ದಾನೆ. ನಿಮ್ಮ ಮಗಳದ್ದೇ ಅನ್ನೋ ಹಾಗೆ ಇನ್ನೊಂದು ಬರೆಸಿಕೊಡ್ತೀನಿ, ಕಾಸು ಬೇಡ. ಇದನ್ನ ತೆಗೆದುಕೊಡಿ."

"ಇದು ಯಾರದ್ದು ಹಾಗಾದ್ರೆ?"

ಆಕೆ ಗಂಜಿಯ ತಟ್ಟೆ ಕೆಳಗಿಟ್ಟಳು.

"ಮೊದಲ ದಿನ ನಾನೇ ಅಂದೆ, ಈ ಮೂಗು ನನ್ನ ಮಗಳದ್ದಲ್ಲ ಅಂತ. ನೀನೇನಂದೆ? ಮೇಣ ಆರಲಿ, ತಾನೇ ಸರಿಹೋಗುತ್ತೆ ಅಂದೆ. ಸರಿಹೋಯ್ತು. ಈಗ ಇವಳೇ ನನ್ನ ಇಸಾರೂಸ್. ದಿನಾ ನನ್ನ ಜೊತೆ ಉಣ್ತಾಳೆ. ಕಿತ್ಕೊಂಡು ಹೋಗೋಕೆ ಬಂದ್ಯಾ, ಕಳ್ಳ?"

ಬಹಳ ಹೊತ್ತು ಬೇಡಿದೆ. ಕೊನೆಗೆ ಇಷ್ಟಕ್ಕೆ ಒಪ್ಪಿದಳು: ಸಬಿನೋಸ ಎದುರಿಗೆ ಕೂತು ನೋಡಿ ನಕಲು ಬರೆಯಬಹುದು, ಮುಟ್ಟುವಂತಿಲ್ಲ. ನೆನಪಿನಿಂದ ಬರಿ ಎಂದರೆ ಅವನಿಗಾಗದು. ನೂರಾರು ಮುಖ ಬರೆದವನಿಗೆ ಒಂದೂ ನೆನಪಿಲ್ಲ. ನಾನೇ ಹೇಳಿ ಬರೆಸೋಣವೆಂದು ಕಣ್ಣು ಮುಚ್ಚಿದೆ. ನೀನು ಬರಲಿಲ್ಲ, ತಂಗಿ. ಗೂಡಿನಲ್ಲಿದ್ದವಳೇ ಬಂದಳು, ಆ ಓಲೆಯ ಸಮೇತ.

*

ಅಂತಿನೋಪೊಲಿಸ್, ಮೆಖೀರ್ ೯

ಕ್ರೋನಿಯೋನನಿಗೆ.

ಇನ್ನೂರು ಎಂದು ಬರೆದಿದ್ದೀಯ. ನನ್ನನ್ನು ಕೇಳಿದ್ದರೆ ಇನ್ನೂ ಹೆಚ್ಚು ಹೇಳುತ್ತಿದ್ದೆ.

ಅಮ್ಮನಿಗೆ ಬರಿ ಹಲಗೆ ಕೊಟ್ಟಾಗ ನಮ್ಮಲ್ಲಿ ಕಾಸಿರಲಿಲ್ಲ. ಈಗ ಏನು ಇರಲಿಲ್ಲ?

ನಕಲು ಬೇಗ ಕಳಿಸು. ಕಾಲು ಊದಿದೆ. ಆ ಹುಡುಗಿ ಈಗ ಮಂಚದ ಕಾಲ ಬಳಿ ನಿಲ್ಲುವುದಿಲ್ಲ, ಪಕ್ಕದಲ್ಲಿ ಕೂರುತ್ತಾಳೆ.

*

ಅರ್ಸಿನೋಯೆ, ಮೆಖೀರ್ ೩೦

ತಂಗಿ ಸೋಯೇರಿಸಳಿಗೆ ಅಣ್ಣನ ಹಾರೈಕೆ. ಮೊಸಳೆ ದೇವರ ಕೊಳಕ್ಕೆ ನಿನ್ನ ಹೆಸರಿನಲ್ಲಿ ರೊಟ್ಟಿ, ಮಾಂಸ ಹಾಕಿಸಿದೆ. ದೇವರು ತಿಂದ. ಒಳ್ಳೆಯ ಶಕುನ.

ಚಿತ್ರ ಸಿದ್ಧವಾಗಿದೆ. ಈ ಕಾಗದದ ಜೊತೆಗೇ ಹೊಟ್ಟಿನ ನಡುವೆ ಸುತ್ತಿ ಕಳಿಸಿದ್ದೇನೆ. ಹಲಗೆ ಮೊದಲಿನದಕ್ಕಿಂತ ದಪ್ಪ, ಮೂಲೆಗಳೆಲ್ಲ ಇಡಿಯಾಗಿವೆ. ಕತ್ತಿಗೆ ಹಸಿರು ಮಣಿ ಹಾಕಿಸಿದ್ದೇನೆ. ಸಬಿನೋಸ ಬಿಯರು ಮುಟ್ಟದೆ ಬರೆದ. ಆ ಮನೆಯಲ್ಲಿ ಯಾಕೋ ಬೇಡ ಎಂದ. ದಿದುಮೆ ಅವನ ಹಿಂದೆಯೇ ಮಣೆ ಹಾಕಿ ಕೂತಿದ್ದಳು. ಮುದುಕಿಗೆ ಮಾತಾಡಲು ಯಾರಾದರೂ ಬೇಕು, ಅಷ್ಟೆ.

ಬಂದ ಕೂಡಲೇ ಮೊಳೆಗೆ ಹಾಕು, ಅತ್ತೆಯ ಬಾಯಿ ಮುಚ್ಚಲಿ. ನಿನ್ನನ್ನು ಬಲ್ಲವರಿಗೆ ಅಲ್ಲಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಾಣಬಹುದು. ನಕಲೆಂದರೆ ಅಷ್ಟಿದ್ದೇ ಇರುತ್ತದೆ.

*

ಅಂತಿನೋಪೊಲಿಸ್, ಫಮೆನೋಥ್ ೧೮

ಅಣ್ಣ,

ಹೊಟ್ಟು ಸರಿಸಿ ನೋಡಿದೆ. ಅಗಲ ಹಣೆ. ಚೂಪು ಗದ್ದ. ಎಡ ಹುಬ್ಬು ಮಧ್ಯದಲ್ಲಿ ತುಂಡು.

ಇದು ನಾನಲ್ಲ. ಇದು ಅವಳು.

ಅತ್ತೆ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದೆಯೇ! ನಿನಗಿಂತ ಚೆನ್ನಾಗಿದೆ" ಎಂದು ಮೊಳೆಗೆ ಹಾಕಿಯೇಬಿಟ್ಟರು. ಗಂಡ ಎರಡು ಸಲ ನನ್ನನ್ನೂ ಅದನ್ನೂ ನೋಡಿ ಹೊರಗೆ ಹೋದರು. ನಿಜ ಹೇಳು, ಆ ಮುದುಕಿ ಹಿಂದೆ ಕೂತು ಬರಿ ಮಾತಾಡುತ್ತಿದ್ದಳೇ, ಇಲ್ಲ ತನ್ನ ಮಗಳ ಹಾಗೆ ತಿದ್ದಿಸುತ್ತಿದ್ದಳೇ?

ಹೇಗಾದರೂ ಆಗಿರಲಿ, ಈಗ ಲೆಕ್ಕ ಸುಲಭ. ಅವಳದು ನನ್ನ ಬಳಿ ಇದೆ, ನನ್ನದು ಅವಳ ಬಳಿ ಇದೆ. ಪನೂಫಿಸ್ ದೋಣಿ ತಿರುಗಿಸುವ ಮುಂಚೆ ಹೇಳಿ ಕಳಿಸು, ಇದನ್ನು ವಾಪಸ್ ಕಳಿಸುತ್ತೇನೆ. ಮಗಳ ನಿಜವಾದ ಮುಖ ಕಂಡರೆ ಯಾವ ತಾಯಿ ಬೇಡವೆನ್ನುತ್ತಾಳೆ? ನನ್ನದನ್ನು ಬಿಡಿಸಿ ಕಳಿಸು. ಮೂಲೆ ಹೋಗಿದ್ದರೂ ಪರವಾಗಿಲ್ಲ, ಗೋಡೆಗೆ ಹಾಕುವುದಿಲ್ಲ, ಪೆಟ್ಟಿಗೆಯಲ್ಲಿ ಇಡುತ್ತೇನೆ. ಬೇಕಾದಾಗ ತೆಗೆಯುತ್ತಾರೆ.

ಬೇಗ. ಮಗು ತಿರುಗಿಲ್ಲ ಎನ್ನುತ್ತಿದ್ದಾಳೆ ಸೂಲಗಿತ್ತಿ.

*

ಅರ್ಸಿನೋಯೆ, ಫಮೆನೋಥ್ ೨೯

ತಂಗಿ,

ನಿನ್ನ ಕಾಗದ ಬರುವ ಹಿಂದಿನ ವಾರವೇ ಇಸಾರೂಸಳನ್ನು ಮಣ್ಣಿಗೆ ಕೊಟ್ಟರು.

ಮಾಮೂಲಿನಂತೆ ಎರಡು ಮೂರು ವರ್ಷ ಮನೆಯಲ್ಲೇ ಇಟ್ಟುಕೊಳ್ಳುವವಳಿದ್ದಳು ದಿದುಮೆ. ನಾನು ಮತ್ತೆ ಬರುತ್ತೇನೆಂದು ಹೆದರಿ ಅವಸರ ಮಾಡಿದಳು. ಹೌದು, ಅವಳು ತಿದ್ದಿಸಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಸಬಿನೋಸ ಗೂಡು ನೋಡಿ ಬರೆಯಲು ಶುರುಮಾಡಿದ. ಹಿಂದಿನಿಂದ ಅವಳು, "ಹಣೆ ಇನ್ನೊಂಚೂರು ಅಗಲ ಇತ್ತಪ್ಪಾ. ಹುಬ್ಬು, ಚಿಕ್ಕವಳಿದ್ದಾಗ ಗಾಣದ ಕಲ್ಲಿಗೆ ಬಿದ್ದು ಸೀಳಿತ್ತು, ನೋಡು, ಇಲ್ಲಿ." ಅವನು ಬರೆಸುವವರ ಮಾತು ಕೇಳಿ ಬರೆದೇ ಜೀವನ ಕಳೆದವನು, ಕೈ ತಾನಾಗಿ ಹೋಯಿತು. ನಾನು ತಡೆಯಬೇಕಿತ್ತು. ಮುದುಕಿ ಅಷ್ಟು ತಿಂಗಳಲ್ಲಿ ಮೊದಲ ಸಲ ಅಳುತ್ತಿದ್ದಳು. ತಡೆಯಲಿಲ್ಲ. ಮುಗಿದ ಮೇಲೆ ನೋಡಿ, "ಯಾರಿವಳು?" ಎಂದಳು. ಎದ್ದು ಹೋಗಿ ಗೂಡಿನ ಮುಂದೆ ಕೂತಳು.

ಮಣ್ಣಿಗೆ ನಾನೂ ಹೋಗಿದ್ದೆ, ಹಿಂದೆ ನಿಂತಿದ್ದೆ. ಪೂಜಾರಿ ನಿನ್ನ ಬಾಯಿಯ ಹತ್ತಿರ ಬಗ್ಗಿ ಮೂರು ಸಲ ಕೂಗಿದ: ಇಸಾರೂಸ್, ಇಸಾರೂಸ್, ಇಸಾರೂಸ್. ಮರಳು ಎಳೆಯುವಾಗ ನೀನು ನನ್ನನ್ನೇ ನೋಡುತ್ತಿದ್ದೆ, ಮೋಸದ ತೂಕ ಹಿಡಿದವಳ ಹಾಗೆ.

ನಾನು ಬರಲೇ? ಒಂದು ಮಾತು ಬರಿ, ಅಂಗಡಿ ಮುಚ್ಚಿ ಬರುತ್ತೇನೆ.

*

ಅರ್ಸಿನೋಯೆ, ಫರ್ಮೂಥಿ ೨೬

ತಂಗಿ ಸೋಯೇರಿಸಳಿಗೆ.

ನಿನ್ನಿಂದ ಕಾಗದವಿಲ್ಲ. ನದಿಯ ಮೇಲಿನಿಂದ ಬಂದ ದೋಣಿಯವರನ್ನೆಲ್ಲ ಕೇಳಿದೆ. ಪನೂಫಿಸ್ ನನ್ನನ್ನು ಕಂಡು ಬೇರೆ ಗಲ್ಲಿಗೆ ತಿರುಗಿದ. ಆ ಮನುಷ್ಯ ಮಾತು ತಪ್ಪಿಸಿಕೊಂಡದ್ದನ್ನು ನಾನು ಕಂಡಿದ್ದು ಇದೇ ಮೊದಲು.

ಬರಿ. ಬೈದಾದರೂ ಬರಿ.

*

ಅಂತಿನೋಪೊಲಿಸ್, ಪಖೋನ್ ೮

ಅಣ್ಣ ಕ್ರೋನಿಯೋನನಿಗೆ ಸೋಯೇರಿಸ್.

ಬದುಕಿದ್ದೇನೆ. ಹೆಣ್ಣು ಮಗು, ಅದೂ ಬದುಕಿದೆ.

ಎರಡು ಹಗಲು ಕಷ್ಟಪಟ್ಟೆ. ಕೊನೆಗೆ ಉಸಿರು ನಿಂತಿತೆಂದು ಅತ್ತೆ ಗೋಳಾಡಿ ತಲೆಗೆ ಮಣ್ಣು ಹಾಕಿಕೊಂಡರಂತೆ. ಪನೂಫಿಸ್ ಅದನ್ನು ಕೇಳಿಸಿಕೊಂಡೇ ದೋಣಿ ಬಿಟ್ಟಿದ್ದು. ಅವರು ಹೇಳಿದ್ದು ಸುಳ್ಳಲ್ಲ. ನಾನು ಹೋಗಿದ್ದೆ.

ಅಲ್ಲಿ ಬಾಗಿಲಿತ್ತು. ಉದ್ದನೆಯ ಸಾಲು. ನನ್ನ ಸರದಿ ಬಂದಾಗ ಬಾಗಿಲು ಕಾಯುವವನು ನನ್ನ ಗದ್ದ ಹಿಡಿದೆತ್ತಿ ನೋಡಿದ. ದೇವರ ಹಾಗೇನೂ ಇರಲಿಲ್ಲ, ತೆರಿಗೆ ಕಟ್ಟೆಯ ಗುಮಾಸ್ತನ ಹಾಗಿದ್ದ. "ಈ ಮುಖ ಆಗಲೇ ಬಂದಿದೆ" ಎಂದ. "ಇಲ್ಲ ಸ್ವಾಮಿ, ನಾನು ಈಗ ಬರ್ತಿದ್ದೀನಿ" ಎಂದೆ. "ಬಂದಿದೆ ಕಣಮ್ಮಾ. ಇಸಾರೂಸ್ ಅಂತ ಒಳಗೆ ಹೋಗಿದೆ. ಒಂದು ಮುಖಕ್ಕೆ ಒಂದು ಸಲ. ಹೋಗು, ಹಿಂದಿನವರಿಗೆ ದಾರಿ ಬಿಡು." ಒಳಗಿನಿಂದ ಒಬ್ಬಳು ಹೊರಳಿ ನೋಡಿದಳು. ನನ್ನ ಕಣ್ಣು, ನನ್ನ ಮೂಗು, ಕಿವಿಗೆ ನೀನು ತಿದ್ದಿದ ಓಲೆ.

ತಳ್ಳಿದರು. ಕಣ್ಣು ಬಿಟ್ಟಾಗ ಮಗು ಅಳುತ್ತಿತ್ತು.

ನನ್ನನ್ನು ಉಳಿಸಿದ್ದು ನಿನ್ನ ಗರಗಸ ಎಂದು ಗಂಡ ಹೇಳುತ್ತಾರೆ. ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಎಲ್ಲರಿಗೂ ಸಂತೋಷ.

ಆದರೆ ಬಾಗಿಲಿನಿಂದ ಹಿಂದೆ ಬರುವಾಗ ಸಾಲಿನ ಹೊರಗೆ, ಗೋಡೆಯ ನೆರಳಿನಲ್ಲಿ ಒಬ್ಬಳು ನಿಂತಿದ್ದಳು ಅಣ್ಣ. ಮುಖವಿರಲಿಲ್ಲ, ಮರದ ಗೆರೆ ಮಾತ್ರ. ನಾನು ಹಾದುಹೋಗುವಾಗ ಪಕ್ಕಕ್ಕೆ ಸರಿದು ನನಗೆ ನಿಲ್ಲಲು ಜಾಗ ಮಾಡಿಕೊಟ್ಟಳು.

ಮುಂದಿನ ಸಲ ಹೋದಾಗಲೂ ಅವನು ಅದನ್ನೇ ಹೇಳುತ್ತಾನೆ. ಆಗ ಹಿಂದೆ ತಳ್ಳಿದರೆ ಮರಳಿ ಸೇರಲು ನನಗೆ ಒಡಲಿರುವುದಿಲ್ಲ. ಎಲ್ಲಿಗೆ ಹೋಗಲಿ?

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಕೂಗಿದರೆ ಯಾರು ಓಗೊಡುತ್ತಾರೋ ಎಂದು ಹೆದರಿಕೆ.

*

ಅರ್ಸಿನೋಯೆ, ಪಖೋನ್ ೨೪

ತಂಗಿ ಸೋಯೇರಿಸಳಿಗೆ ಅಣ್ಣ ಕ್ರೋನಿಯೋನನ ಹಾರೈಕೆ. ಮಗುವಿಗೆ ನೂರು ವರ್ಷವಾಗಲಿ.

ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀಯ. ಪೂಜಾರಿಗಳನ್ನು ಕೇಳಿದೆ. ಒಬ್ಬ ಸಮಾಧಿ ಅಗೆಯಲು ಅಪ್ಪಣೆ ಇಲ್ಲ ಎಂದ. ಇನ್ನೊಬ್ಬ ಅಗೆದರೂ ಉಪಯೋಗವಿಲ್ಲ, ಒಳಗೆ ಹೋದದ್ದು ಹೋಯಿತು ಎಂದ. ಅದಕ್ಕೆ ಕಾಣಿಕೆ ಮಾತ್ರ ಇಬ್ಬರೂ ತೆಗೆದುಕೊಂಡರು.

ನಿನ್ನ ಅತ್ತೆಯ ಮಾತು ಪನೂಫಿಸನ ದೋಣಿ ಹತ್ತಿ ನಮ್ಮ ಪೇಟೆಗೂ ಬಂದಿದೆ. ಮೊನ್ನೆ ಇಬ್ಬರು ಬಸುರಿಯರು ಮುಸುಕು ಹಾಕಿಕೊಂಡು ಅಂಗಡಿಗೆ ಬಂದರು. ಬಸುರಾಗುವ ಮೊದಲೇ ಬರೆಸಿದ ಮುಖಗಳನ್ನು ಸೆರಗಿನಲ್ಲಿ ತಂದಿದ್ದರು. "ಕ್ರೋನಿಯೋನಣ್ಣಾ, ನಮ್ಮದನ್ನೂ ಯಾರ ಹೆಣದ ಜೊತೆಗಾದ್ರೂ ಮುಂಚೆ ಕಳಿಸಿಬಿಡು. ಕೇಳಿದಷ್ಟು ಕೊಡ್ತೀವಿ" ಎಂದರು. ಕೆಳಗೆ ಆಮೇಲೆ ಏನಾಗುತ್ತದೆಂದು ಹೇಳಿದೆ. ದೊಡ್ಡವಳು ಹೊಟ್ಟೆ ಹಿಡಿದುಕೊಂಡು, "ಆಮೇಲಿನದು ಆಮೇಲೆ" ಎಂದಳು.

ಯಾರಿಗೆ ಏನು ಸಿಕ್ಕಿತೆಂದು ಬರೆದು ಮುಗಿಸುತ್ತೇನೆ.

ದಿದುಮೆಗೆ, ಮಗಳು. ನಿನ್ನ ಮುಖದವಳು.

ಇಸಾರೂಸಳಿಗೆ, ಬಾಗಿಲು. ಅವಳ ಸ್ವಂತ ಮುಖ ನಿನ್ನ ಗೋಡೆಯ ಮೇಲಿದೆ.

ಸಬಿನೋಸನಿಗೆ, ಎರಡು ಕೂಲಿ. ಈಗ ಅವನು ಹೆಂಗಸರನ್ನು ಬರೆಯುವುದಿಲ್ಲ.

ನಿನ್ನ ಗಂಡನಿಗೆ ಹೆಂಡತಿ, ಅತ್ತೆಗೆ ಮೊಮ್ಮಗಳು.

ನಿನಗೆ, ಜೀವ. ಅದು ಇರುವಷ್ಟು ದಿನ.

ಅಮ್ಮನಿಗೆ, ಜೊತೆ.

ನನಗೆ, ದಿದುಮೆಯ ಇನ್ನೂರರಲ್ಲಿ ಎಲ್ಲ ಖರ್ಚು ಕಳೆದು ಎಂಬತ್ತೊಂದು ದ್ರಾಕ್ಮೆ, ಮತ್ತು ಆ ಇಬ್ಬರು ಬಿಟ್ಟುಹೋದ ಮುಂಗಡ. ಅದನ್ನು ಪೆಟ್ಟಿಗೆಗೆ ಹಾಕಿಲ್ಲ, ವಾಪಸ್ಸೂ ಕೊಟ್ಟಿಲ್ಲ. ಮುಖಗಳು ರಾಳದ ಜಾಡಿಗಳ ಮೇಲೆ ತೂಗುತ್ತಿವೆ. ಗರಗಸ ಕೆಳಗಿದೆ.